ಗೋಡೆಯ ಮೇಲೆ ಬರೆದ ಜಾಗ

ನನ್ನ ಕಾಕಾ ಬಿದ್ದ ಮೇಲೂ ಬಹಳ ಹೊತ್ತು ಬದುಕಿದ್ದ. ಅದು ನಮಗೆ ಗೊತ್ತಾದದ್ದು ಅವನ ರುಮಾಲಿನಿಂದ. ಕೊಳ್ಳದ ತಳಕ್ಕೆ ಬಿದ್ದವನು ತಲೆಯ ರುಮಾಲು ಬಿಚ್ಚಿ, ಕೈಗೆ ಎಟುಕಿದ ಮುಳ್ಳುಕಂಟಿಯ ಮೇಲೆ ಹರವಿದ್ದ, ಮೇಲಿನಿಂದ ಯಾರಿಗಾದರೂ ಬಿಳುಪು ಕಾಣಲಿ ಅಂತ. ಕಾಣಬೇಕಾದರೆ ಮೇಲೆ ಯಾರಾದರೂ ಇರಬೇಕಲ್ಲ. ಓಣಿಯ ಗಂಡಸರೆಲ್ಲ ಸೇರಿ ನಾವು ಆಚೆಗಿನ ಗುಡ್ಡದಲ್ಲಿ ಅವನನ್ನು ಕೂಗುತ್ತ ತಿರುಗುತ್ತಿದ್ದೆವು. ಕಡೆಗೆ ಜಾಗ ತೋರಿಸಿದ್ದು ಹದ್ದುಗಳು.

ಅವನು ಯಾವ ಗುಡ್ಡಕ್ಕೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಮನೆಯಿಂದ ಹೊರಟವನನ್ನು ‘ಎಲ್ಲಿಗೆ’ ಅಂತ ಕೇಳುವುದಿಲ್ಲ. ಸಂತೆಗೆ ಹೊರಟವನಿಗೂ ‘ದೂರ ಹೊಂಟ್ರೇನು’ ಅನ್ನುತ್ತೇವೆ. ಇನ್ನು ಬೇಟೆಗೆ ಹೊರಟವನಿಗೆ ಕೇಳಿದರೆ ಆ ದಿನ ಮುಗಿದೇ ಹೋಯಿತು, ಅವನು ಬಂದೂಕು ಗೂಟಕ್ಕೆ ತಗುಲಿಹಾಕಿ ಕೂತುಬಿಡುತ್ತಾನೆ. ಅವನಾಗಿಯೂ ಹೇಳುವುದಿಲ್ಲ. ಗುಡ್ಡದ ಹೆಸರು ಬಾಯಿಗೆ ಬಂದರೆ ಹಂದಿ ಆ ಗುಡ್ಡ ಬಿಡುತ್ತದೆ ಎಂದು ನನಗೆ ಕಲಿಸಿದವನೇ ಕಾಕಾ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಬಾವಿ ತೋಡುವ ಕೆಲಸಕ್ಕೆ ಇಳಿದವನು. ಮೂಡಲಗಿಯ ಕಡೆಯ ಎರೆ ಹೊಲಗಳಲ್ಲಿ, ಹುಕ್ಕೇರಿಯ ಕಡೆಯ ಕಲ್ಲುನೆಲದಲ್ಲಿ ನಾನು ಕೈಹಾಕಿದ ಬಾವಿಗಳು ಇನ್ನೂ ನೀರು ಕೊಡುತ್ತಿವೆ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಮನೆ ಕೊಣ್ಣೂರಿನ ಹೊರಗೆ, ಗುಡ್ಡದ ಬುಡದಲ್ಲಿ. ಅಪ್ಪನಿಂದ ಬಂದ ಒಂಟಿ ನಳಿಗೆಯ ಬಂದೂಕು ಇತ್ತು, ಬೆಳೆ ಕಾಯಲು ಕೊಟ್ಟ ಪರವಾನಗಿ ಇತ್ತು. ಕಬ್ಬಿನೊಳಗೆ ಹಂದಿ ಹೊಕ್ಕರೆ ರೈತರು ನನ್ನ ಕರೆಯುತ್ತಿದ್ದರು. ಅದು ಕಾಗದದ ಮೇಲಿನ ಮಾತು. ಹಂದಿಯ ಹಿಂದೆ ಗುಡ್ಡ ಹತ್ತಿ ಕೊಳ್ಳಕ್ಕಿಳಿಯುವುದು ಪರವಾನಗಿಯಲ್ಲಿ ಇರಲಿಲ್ಲ, ಕಾನೂನಿನಲ್ಲೂ ಇರಲಿಲ್ಲ. ನಾನು ಇಳಿಯುತ್ತಿದ್ದೆ. ಉಳಿದವರು ನಾಯಿ, ಬಲೆ, ಹತ್ತು ಮಂದಿ ಕಟ್ಟಿಕೊಂಡು ಗದ್ದಲ ಹಾಕುತ್ತ ಹೋಗುತ್ತಿದ್ದರು. ನಾನು ಒಬ್ಬನೇ ಹೋಗುತ್ತಿದ್ದೆ, ಕಾಕಾನ ಹಾಗೆ. ಊರಲ್ಲಿ ಹಾಗೆ ಹೋಗುವವರು ನಾವಿಬ್ಬರೇ ಇದ್ದೆವು.

ಕಾಕಾನ ದಿನಕಾರ್ಯ ಮುಗಿದ ಮೇಲೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಮಾತು ತೆಗೆದಳು.

“ಹೋಗಬ್ಯಾಡ್ರಿ ಅನ್ನಂಗಿಲ್ಲ ನಾ. ಅಂದ್ರ ಕೇಳಾವ್ರೂ ಅಲ್ಲ ನೀವು. ಆದ್ರ ಬಿದ್ರ ಎಲ್ಲಿ ಬಿದ್ದೀರಿ ಅಂತ ನನಗ ತಿಳೀಬೇಕು. ಹದ್ದು ಬಂದು ಹೇಳೂದು ಬ್ಯಾಡ.”

“ನಾ ಬೀಳಂಗಿಲ್ಲ.”

“ಕಾಕಾರೂ ಹಂಗ ಅಂತಿದ್ರು.”

ಆಮೇಲೆ ಆಕೆ ಆ ಮಾತು ಎತ್ತಲಿಲ್ಲ. ಆದರೆ ನಾನು ಗುಡ್ಡಕ್ಕೆ ಹೋದ ದಿನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ನಾನು ತಿರುಗಿ ಬರುವವರೆಗೆ ಆಕೆ ಉಪವಾಸ ಇರುತ್ತಿದ್ದಳು. ಉಪವಾಸ ಬಿದ್ದ ಹೆಣ್ಣಿನ ಮುಂದೆ ಎಂಥ ಗಂಡಸಿನ ಹಟವೂ ಬಹಳ ದಿನ ನಿಲ್ಲುವುದಿಲ್ಲ.

ಹುಕ್ಕೇರಿಯಲ್ಲಿ ಆಕೆಯ ಸೋದರಮಾವ ಇದ್ದ. ಮಿಲಿಟರಿಯಿಂದ ಪಿಂಚಣಿ ತಗೊಂಡು ಬಂದವನು. ದಾರಿ, ದಿಕ್ಕು, ಸುದ್ದಿ ಮುಟ್ಟಿಸುವುದು, ಇದೆಲ್ಲ ಅವನ ಹಳೆಯ ಕೆಲಸ ಅಂತ ಇಬ್ಬರೂ ಹೋದೆವು. ಅವನು ಪೆಟ್ಟಿಗೆಯಿಂದ ಹಿತ್ತಾಳೆಯ ಕಂಪಾಸ್ ತೆಗೆದು ನನ್ನ ಅಂಗೈ ಮೇಲಿಟ್ಟ.

“ನೋಡ ಅಳಿಯಾ, ಇದು ಉತ್ತರ ಎಲ್ಲೈತಿ ಅಂತ ಹೇಳ್ತೈತಿ.”

“ಉತ್ತರ ಎಲ್ಲೈತಿ ಅಂತ ನನಗ ಗೊತ್ತೈತ್ರಿ ಮಾವ.”

“ಗೊತ್ತಿದ್ದಾವ ಹ್ವಾದ ಥಂಡ್ಯಾಗ ಮಂಜ ಬಿದ್ದಾಗ ನಮ್ಮ ಮನಿ ಬಿಟ್ಟು ಬಾಜೂ ಮನಿ ಕದಾ ಬಡದಿ. ಅವ್ರ ನಿನಗ ಚಹಾನೂ ಕೊಟ್ಟ ಕಳಿಸಿದ್ರು.”

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಕಂಪಾಸ್ ತಿರುಗಿ ಕೊಟ್ಟೆ. ಉತ್ತರ ಗೊತ್ತಾದರೆ ನಾನು ಮನೆಗೆ ಬರಬಹುದು. ಮನೆಯವರು ನನ್ನ ಹತ್ತಿರ ಬರುವುದು ಹೇಗೆ?

“ಹಂಗಾರ ಒಂದ ಐತಿ,” ಅಂದ ಮಾವ. “ಸ್ಯಾಟಲೈಟ್ ಫೋನು. ಹಿಮದ ಡ್ಯೂಟ್ಯಾಗ ಸಾಹೇಬ್ರ ಕೈಯಾಗ ನೋಡೀನಿ. ಕೊಳ್ಳದಾಗ ನಿಂತ್ರೂ, ಮ್ಯಾಲೆ ತುಸು ಮುಗಿಲ ಕಂಡ್ರ ಸಾಕು, ನೇರ ಮುಗಿಲಿಗೇ ಮಾತಾಡ್ತೈತಿ. ಕಂಬ ಬ್ಯಾಡ, ತಂತಿ ಬ್ಯಾಡ.”

“ನಮ್ಮಂಥಾವ್ರಿಗೆ ಸಿಗಂಗಿಲ್ಲೇನ್ರಿ?”

“ಸಿಗತೈತಿ. ಫೋನಿನ ಸಂಗಾಟ ಕೈಗಿ ಬೇಡೀನೂ ಸಿಗತೈತಿ. ಸರಕಾರದ ಪರ್ಮಿಟ್ ಇಲ್ಲದ ಅದನ್ನ ಇಟ್ಕೊಂಡ್ರ, ಹಂದಿ ಹೊಡ್ಯಾಂವಂತ ಯಾರೂ ನಂಬಂಗಿಲ್ಲ. ಬಂದೂಕ ಬ್ಯಾರೆ ಹೆಗಲಿಗಿ!”

ಬೇಕಾದದ್ದು ಅದೊಂದೇ ಅಂತ ನನಗೆ ಅಲ್ಲೇ ಗೊತ್ತಾಗಿತ್ತು. ಅದು ಸಿಗುವುದಿಲ್ಲವೆಂದೂ ಗೊತ್ತಾಯಿತು. ಆಮೇಲೆ ಹುಡುಕಿದ್ದೆಲ್ಲ ಅದರ ಬದಲಿಗೆ.

ಮೂಡಲಗಿಯಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬ ಜೋಡಿ ವಾಕಿಟಾಕಿ ಇಟ್ಟಿದ್ದ. ಅವನ ಬಾವಿ ತೋಡಿದವನು ನಾನೇ, ಹಾಗಾಗಿ ಒಯ್ದು ನೋಡಿ ತಂದು ಕೊಡುತ್ತೇನೆ ಅಂದಾಗ ಇಲ್ಲ ಅನ್ನಲಿಲ್ಲ. ಹೆಂಡತಿಯನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ನಾನು ಇನ್ನೊಂದನ್ನು ಹಿಡಿದು ಗುಡ್ಡದ ಬುಡಕ್ಕೆ ನಡೆದೆ.

“ಕೇಳಿಸ್ತೈತೇನು?” ಅಂದೆ.

“ಕೇಳಿಸ್ತೈತ್ರಿ. ಆದ್ರ ಇದರಾಗಲ್ಲ. ನೀವು ಒದರೂದು ಹಂಗ ಕೇಳಿಸ್ತೈತಿ. ಓಣಿಗೆಲ್ಲಾ ಕೇಳಿಸ್ತೈತಿ!”

ಬಯಲಿನಲ್ಲಿ ಚೆನ್ನಾಗಿಯೇ ಮಾತಾಡಿತು. ಕೊಳ್ಳಕ್ಕಿಳಿದ ಕೂಡಲೇ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುವುದು ಬಿಟ್ಟರೆ ಏನೂ ಇಲ್ಲ. ತಿರುಗಿ ಒಯ್ದು ಕೊಟ್ಟಾಗ ಅವನು ಅಂದ: “ಕೊಳ್ಳಾ ಇಳೀತೀನಿ ಅಂತ ಮೊದಲ ಹೇಳಬಾರದೇನ್ರಿ ಮಾಮಾ? ಇದು ಮದುವಿ ಮೆರವಣಿಗಿಗೆ ಚಲೋ.”

ಅಷ್ಟರಲ್ಲಿ ಮೊಬೈಲು ಬಂತು. ಗುಡ್ಡದ ನೆತ್ತಿಯ ಮೇಲೆ ಗೋಕಾಕದ ಟವರು ಸಿಗುತ್ತಿತ್ತು, ಕಡ್ಡಿಗಳು ತುಂಬ ಕಾಣುತ್ತಿದ್ದವು. ನೆತ್ತಿಯಿಂದ ಇಳಿದರೆ ಒಂದೂ ಇಲ್ಲ. ಬೀಳುವವನು ನೆತ್ತಿಯ ಮೇಲೆ ಬೀಳುವುದಿಲ್ಲ. ಆದರೂ ಒಂದು ತಗೊಂಡೆ. ಬಾವಿಯ ಕೆಲಸ ಹೇಳುವವರಿಗೆ ಅನುಕೂಲವಾಗಲಿ ಎಂದು ಮನೆಗೆ ಅದಾಗಲೇ ತಂತಿಯ ಫೋನು ಬಂದಿತ್ತು.

ನನ್ನ ಮನಸ್ಸು ಹಿಡಿದದ್ದು ಆಮೇಲೆ ಕಂಡ ಯಂತ್ರ. ಹುಕ್ಕೇರಿಯ ಕಡೆ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಬ ನಿಲ್ಲಿಸಲು ಜಾಗ ನೋಡುವವರು ಬಂದಿದ್ದರು. ನಮ್ಮ ಜನ ಅವರನ್ನು ಪಂಖಾದವರು ಅನ್ನುತ್ತಿದ್ದರು. ಅವರಿಗೆ ಗುಂಡಿ ತೋಡಿಕೊಡಲು ನನ್ನ ತಂಡ ಹೋಯಿತು. ಅವರ ಎಂಜಿನಿಯರನ ಕೈಯಲ್ಲಿ ಸಾಬೂನಿನಷ್ಟು ದೊಡ್ಡ ಡಬ್ಬಿ, ಜಿಪಿಎಸ್. ಆಕಾಶದಲ್ಲಿ ತಿರುಗುವ ಉಪಗ್ರಹ ಹಿಡಿದು, ನಿಂತ ಜಾಗದ ಅಂಕಿ ತೋರಿಸುತ್ತಿತ್ತು. ಒಂದು ಜಾಗವನ್ನು ಅದರೊಳಗೆ ಗುರುತು ಹಾಕಿ ಇಟ್ಟರೆ, ಕತ್ತಲಿರಲಿ ಮಂಜಿರಲಿ, ಬಾಣದ ಗುರುತು ತೋರಿಸುತ್ತ ಅಲ್ಲಿಗೇ ಕರೆದೊಯ್ಯುತ್ತಿತ್ತು. ಗುಡ್ಡದ ದಾರಿಯೆಲ್ಲ ಬಲ್ಲ ಕಾಕಾನನ್ನೇ ಕೈಯಲ್ಲಿ ಹಿಡಿದ ಹಾಗೆ ನನಗೆ ಅನಿಸಿತು. ಎಂಜಿನಿಯರನಿಗೆ ಹೊಸದು ಬಂದಾಗ ಹಳೆಯದನ್ನು ನಾನು ಕೊಂಡುಕೊಂಡೆ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ.

ಮನೆಯಲ್ಲಿ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದೇನ್ ಹೇಳ್ತೈತ್ರಿ?”

“ನಾ ಎಲ್ಲಿದೀನಿ ಅಂತ.”

“ಯಾರಿಗಿ?”

“ನನಗ.”

“ನೀವು ಎಲ್ಲಿದೀರಿ ಅಂತ ನಿಮಗ ಗೊತ್ತಿರಂಗಿಲ್ಲೇನು?”

ನನಗೆ ಸಿಟ್ಟು ಬಂತು, ಉಣ್ಣದೆ ಎದ್ದೆ. ಆದರೆ ದಾರಿ ಹುಡುಕಿದವಳೂ ಆಕೆಯೇ. ಆಕೆ ಏಳನೆಯದವರೆಗೆ ಓದಿದ್ದಳು, ಅಂಕಿಯಲ್ಲಿ ನನಗಿಂತ ಚುರುಕು. ಎರಡು ದಿನ ಬಿಟ್ಟು ಅಂದಳು: “ಗುಡ್ಡದ ಹೆಸರ ಹೇಳಬಾರದು, ಖರೆ. ಅಂಕಿ ಹೇಳಬಾರದು ಅಂತ ಯಾವ ಹಿರ್ಯಾರೂ ಹೇಳಿಲ್ಲಲ್ಲ? ಮನಿಯಿಂದ ಹೊಂಡಾಗ ಬ್ಯಾಡ. ನೆತ್ತಿ ಮ್ಯಾಲೆ ಹ್ವಾದ ಮ್ಯಾಗ ಫೋನ್ ಹಚ್ಚಿ ಅಂಕಿ ಅಷ್ಟ ಹೇಳ್ರಿ. ಮುಂದ ನೀವು ಮಾತಾಡಬ್ಯಾಡ್ರಿ, ನಾನೂ ಮಾತಾಡಂಗಿಲ್ಲ.”

ಅದಕ್ಕೆ ನಾನು ಒಪ್ಪಿದೆ. ಹಂದಿಗೆ ಹೆಸರು ಕೇಳಿಸುತ್ತದೆ, ಅಂಕಿ ಕೇಳಿಸಲಿಕ್ಕಿಲ್ಲ. ಅಂದಿನಿಂದ ನಾನು ನೆತ್ತಿಯ ಮೇಲೆ ನಿಂತು ಅಂಕಿ ಓದುತ್ತಿದ್ದೆ, ಆಕೆ ಅಡುಗೆಮನೆಯ ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆದುಕೊಳ್ಳುತ್ತಿದ್ದಳು. ಹದಿನಾರು, ಎಪ್ಪತ್ನಾಲ್ಕು ಯಾವಾಗಲೂ ಅವೇ. ಹಿಂದಿನ ಬಾಲ ಮಾತ್ರ ಬದಲಾಗುತ್ತಿತ್ತು. ನಾನು ಮನೆಗೆ ಬಂದ ಮೇಲೆ ಆಕೆ ಒದ್ದೆ ಅರಿವೆಯಿಂದ ಒರೆಸಿ ಒಲೆ ಹಚ್ಚುತ್ತಿದ್ದಳು. ಎಷ್ಟೋ ಸಲ ಹಾಗೆ ನಡೆಯಿತು. ಆಕೆ ಉಪವಾಸ ಬಿಟ್ಟಳು. ನಾವಿಬ್ಬರೂ ಬಹಳ ಶಾಣ್ಯಾರು ಅಂದುಕೊಂಡಿದ್ದೆವು.

ಆ ವರ್ಷ ಕಬ್ಬು ಕಡಿದು ಮುಗಿಯುತ್ತಿದ್ದಂತೆ ಹಂದಿಗಳು ಬಯಲು ಬಿಟ್ಟು ಕೊಳ್ಳ ಸೇರಿದ್ದವು. ಮಮದಾಪುರದ ಕಡೆಯ ರೈತನೊಬ್ಬನ ಎತ್ತಿನ ಹೊಟ್ಟೆ ಸೀಳಿದ ಒಂಟಿ ಸಲಗ ಹಂದಿಯೊಂದಿತ್ತು, ಅದರ ಹಿಂದೆ ಹೋದೆ. ಬೆಳಿಗ್ಗೆ ನೆತ್ತಿಯ ಮೇಲೆ ನಿಂತು ಅಂಕಿ ಹೇಳಿದೆ. ಆಕೆ ‘ಹೂಂ’ ಅಂದು ಇಟ್ಟಳು. ಅಲ್ಲೇ ಹತ್ತಿರದಲ್ಲಿ ಸಲಗ ಸಿಕ್ಕಿತು. ಗುಂಡು ಹೊಟ್ಟೆಗೆ ತಾಗಿತು, ಅದು ಬೀಳಲಿಲ್ಲ. ನೆತ್ತಿ ದಾಟಿ, ನಡುವಿನ ಹಳ್ಳ ಇಳಿದು, ಮುಂದಿನ ನೆತ್ತಿಯನ್ನೂ ದಾಟಿ ಓಡಿತು. ಗಾಯದ ಹಂದಿಯನ್ನು ಹಾಗೇ ಬಿಟ್ಟು ಬಂದರೆ ಅದು ಕುರಿ ಕಾಯುವವನ ತೊಡೆ ಸೀಳುತ್ತದೆ. ಅದರ ಹಿಂದೆ ಹೋಗುವವನು ಕೆಮ್ಮುವುದೂ ಇಲ್ಲ, ಇನ್ನು ಫೋನಿನಲ್ಲಿ ಮಾತಾಡುವುದೆಲ್ಲಿ? ಎರಡನೆಯ ನೆತ್ತಿಯ ಮೇಲೂ ಕಡ್ಡಿ ಸಿಗುತ್ತವೆ ಅಂತ ಗೊತ್ತಿತ್ತು. ನಾನು ಫೋನು ಹೊರಗೆ ತೆಗೆಯಲಿಲ್ಲ. ಯಾವ ಬೇಟೆಗಾರನೂ ತೆಗೆಯುತ್ತಿರಲಿಲ್ಲ.

ರಕ್ತದ ಹನಿ ನೋಡುತ್ತ ಇಳಿಯುವಾಗ ಕಾಲ ಕೆಳಗಿನ ಹಾಸುಗಲ್ಲು ಜಾರಿತು. ನಾನು ಮೊದಲು ಬಿದ್ದೆ, ಕಲ್ಲು ಆಮೇಲೆ ಬಂತು. ಎಡಗಾಲಿನ ಮೊಣಕಾಲ ಕೆಳಗೆ ಕೂತಿತು. ಕಲ್ಲು ಸರಿಸುವುದು ನನ್ನ ಹೊಟ್ಟೆಪಾಡಿನ ವಿದ್ಯೆ. ಹಾರೆ ಇಲ್ಲದ್ದಕ್ಕೆ ಬಂದೂಕಿನ ನಳಿಗೆ ತೂರಿಸಿ ಮೀಟಿದೆ. ಕಲ್ಲು ಉರುಳಿತು, ನಳಿಗೆ ಬಾಗಿತು. ಇನ್ನು ಗುಂಡು ಹಾರಿಸಿ ಯಾರನ್ನೂ ಕರೆಯುವಂತಿರಲಿಲ್ಲ. ಕಾಲಿನ ಕಡೆ ಒಮ್ಮೆ ನೋಡಿದೆ, ಮತ್ತೆ ನೋಡಲಿಲ್ಲ. ಎಲುಬು ಹೊರಗೆ ಬಂದಿತ್ತು. ರುಮಾಲಿನಿಂದ ತೊಡೆಯನ್ನು ಬಿಗಿದು ಕಟ್ಟಿದೆ.

ಫೋನಿನಲ್ಲಿ ಕಡ್ಡಿ ಇರಲಿಲ್ಲ. ಯಂತ್ರ ತುಸು ಹೊತ್ತು ಆಕಾಶ ಹುಡುಕಿ, ಆಮೇಲೆ ಅಂಕಿ ತೋರಿಸಿತು. ಎಷ್ಟು ಸರಿಯಾಗಿ ತೋರಿಸಿತೆಂದರೆ, ನಾನು ಮೈ ಎಳೆದುಕೊಂಡು ನೆರಳಿಗೆ ಸರಿದರೆ ಕಡೆಯ ಅಂಕಿ ಬದಲಾಯಿತು. ಜಗತ್ತಿನಲ್ಲಿ ನಾನಿದ್ದ ಜಾಗ ನನಗೊಬ್ಬನಿಗೆ ಗೊತ್ತಿತ್ತು. ಇರುವೆಗಳಿಗೆ ಗೊತ್ತಿತ್ತು, ನೊಣಗಳಿಗೆ ಗೊತ್ತಿತ್ತು. ಹೊತ್ತು ಏರುತ್ತಿದ್ದಂತೆ ಮೇಲೆ ಹದ್ದೊಂದು ಸುತ್ತು ಹಾಕಿತು. ಗೋಡೆಯ ಮೇಲೆ ಅಂಕಿ ಇದೆ, ಒಂದು ನೆತ್ತಿಯಷ್ಟೇ ವ್ಯತ್ಯಾಸ, ಸಂಜೆಯೊಳಗೆ ಬರುತ್ತಾರೆ ಎಂದು ನಾನು ಧೈರ್ಯವಾಗಿದ್ದೆ. ಸಂಜೆಯಾಯಿತು, ಯಾರೂ ಬರಲಿಲ್ಲ. ಬೆಳಗಾಯಿತು, ಆಗಲೂ ಬರಲಿಲ್ಲ. ನೀರು ಮುಗಿಯಿತು. ಕಾಲಿನ ನೋವು ನಿಂತಿತು. ನೋವು ನಿಂತದ್ದು ಒಳ್ಳೆಯದಲ್ಲ ಅಂತ ನನಗೂ ಗೊತ್ತಿತ್ತು.

ಮನೆಯ ಕಡೆ ನಡೆದದ್ದನ್ನು ಆಕೆ ಆಮೇಲೆ ಹೇಳಿದಳು. ದೀಪ ಹಚ್ಚುವ ಹೊತ್ತಿಗೆ ನಾನು ಬಾರದಿದ್ದಾಗ ಆಕೆ ಓಣಿಯ ಗಂಡಸರನ್ನು ಕರೆದು ಗೋಡೆ ತೋರಿಸಿದಳು.

“ಅಂಕಿ ತಗೊಂಡ ಏನ್ ಮಾಡೂಣವಾ? ಗುಡ್ಡದ ಹೆಸರ ಹೇಳ,” ಅಂದರಂತೆ ಅವರು.

“ಹೆಸರ ನನಗೂ ಗೊತ್ತಿಲ್ಲ. ಅದ ಗುಡ್ಡದ ಜಾಗ. ಅಲ್ಲೇ ಬರದೈತಲ್ಲ!”

ಅವರು ಗೋಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಕಂದೀಲು ಹಿಡಿದು ಕಾಕಾ ಸತ್ತ ಕೊಳ್ಳಕ್ಕೆ ಹೋದರು. ಬೇರೆ ಎಲ್ಲಿಗೆ ಹೋಗಬೇಕೆಂದು ಅವರಿಗಾದರೂ ಹೇಗೆ ತಿಳಿಯಬೇಕು? ಆಕೆ ಹುಕ್ಕೇರಿಗೆ ಫೋನು ಹಚ್ಚಿ ಮಾವನಿಗೆ ಅಂಕಿ ಓದಿ ಹೇಳಿದಳು.

“ಅಂಕಿ ಬರೋಬ್ಬರಿ ಅದಾವ ಅವ್ವಾ,” ಅಂದ ಮಾವ. “ಆದ್ರ ಅಂಕಿ ಹಿಡಕೊಂಡ ಹೋಗಾಕ ಮಷೀನ್ ಬೇಕು. ಮಷೀನ್ ಎಲ್ಲೈತಿ?”

“ಅವರ ಕೊರಳಾಗ.”

ಪಂಖಾದವರ ಕ್ಯಾಂಪಿಗೆ ಹೋಗುತ್ತೇನೆಂದು ಮಾವ ಫೋನು ಇಟ್ಟನಂತೆ.

ನಮ್ಮ ಸೀಮೆಯಲ್ಲಿ ಆ ಅಂಕಿಗಳನ್ನು ಗುಡ್ಡವಾಗಿ ತಿರುಗಿಸಬಲ್ಲ ಡಬ್ಬಿ ನಮಗೆ ಗೊತ್ತಿದ್ದಂತೆ ಇನ್ನೊಂದೇ ಇತ್ತು, ಪಂಖಾದ ಎಂಜಿನಿಯರನ ಹತ್ತಿರ. ಅವನು ಬೆಳಗಾವಿಗೆ ಹೋಗಿದ್ದ. ಮಾವ ಅವರ ಕ್ಯಾಂಪಿನ ಬಾಗಿಲಲ್ಲೇ ಕೂತು, ಮರುದಿನ ಅವನು ಜೀಪಿನಿಂದ ಇಳಿಯುತ್ತಿದ್ದಂತೆ ಅದೇ ಜೀಪು ತಿರುಗಿಸಿಕೊಂಡು ಬಂದ. ಹೆಂಡತಿಯೂ ಜೊತೆಗೆ ಹತ್ತಿದಳು. ಬೇಡ ಅಂದವರಿಗೆ ಆಕೆ ಏನಂದಳೋ, ಅದನ್ನು ನನಗೆ ಯಾರೂ ಹೇಳಲಿಲ್ಲ.

ಯಂತ್ರ ಅವರನ್ನು ನಾನು ಫೋನು ಮಾಡಿದ ಬಂಡೆಗೇ ಕರೆದೊಯ್ದಿತು. ಅಲ್ಲಿ ನಾನಿರಲಿಲ್ಲ. ಕಲ್ಲಿನ ಮೇಲೆ ಒಣಗಿದ ರಕ್ತ ಇತ್ತು. ಮಾವ ಅದನ್ನು ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದನಂತೆ. ಅದು ಸಲಗದ ರಕ್ತ ಅಂತ ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಅದನ್ನು ನನ್ನದೆಂದು ತಿಳಿದು, ಒಂದು ಹನಿಯಿಂದ ಇನ್ನೊಂದು ಹನಿಗೆ, ಹಳ್ಳ ಇಳಿದು ನೆತ್ತಿ ಹತ್ತಿ, ಎಲ್ಲರಿಗಿಂತ ಮುಂದೆ ನಡೆದು ಬಂದಳು. ಮೇಲಿನ ಅಂಚಿನಲ್ಲಿ ಆಕೆಯ ತಲೆ ಕಂಡಾಗ ನಾನು ಅದನ್ನು ನಂಬಲಿಲ್ಲ. ಅದಕ್ಕೂ ಮುಂಚೆ ಕಾಕಾ ಎರಡು ಸಲ ಬಂದು ಹೋಗಿದ್ದ.

“ಜೀವ ಐತೇನ್ರಿ?” ಅಂತ ಒದರಿದಳು.

“ಐತಿ,” ಅಂದೆ. “ನೀರ ಕೊಡ.”

ಕಂಬಳಿಗೆ ಎರಡು ಗಳ ಕಟ್ಟಿ ಹೊತ್ತು ತಂದರು. ಗೋಕಾಕದ ದವಾಖಾನೆಯವರು ಕಾಲು ನೋಡಿ ಬೆಳಗಾವಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಕಾಲಿನ ಮೇಲೆ ಎರಡು ಬೆರಳು ಇಟ್ಟು, ತೆಗೆದು, ಮೂಸಿ ನೋಡಿದರು. “ಮೊದಲ ದಿನವೇ ಬಂದಿದ್ದರೆ ಉಳಿಸಬಹುದಿತ್ತು,” ಅಂದರು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಹೆಂಡತಿ ಸಹಿ ಮಾಡಿದಳು. ಮೊಣಕಾಲ ಮೇಲಿನಿಂದ ತೆಗೆದರು.

ಬಾಗಿದ ಬಂದೂಕು ಠಾಣೆಗೆ ಹೋಯಿತು, ಮತ್ತೆ ಬರಲಿಲ್ಲ. ಕೇಸು ನಡೆಯಿತು, ಅದೂ ಮುಗಿಯಿತು. ಬಾವಿಯೊಳಗೆ ಇಳಿಯುವ ಕೆಲಸ ಆ ದಿನವೇ ಮುಗಿದಿತ್ತು. ಈಗ ಮೇಲೆ ಕೂತು, ಮಣ್ಣು ಎತ್ತುವ ಯಂತ್ರದ ಹಿಡಿಕೆ ಎಳೆಯುತ್ತೇನೆ. ಕೂತು ಉಣ್ಣುವವನಲ್ಲ ನಾನು. ಕೆಳಗಿರುವವರು ಬುಟ್ಟಿ ತುಂಬಿ ‘ಎಳೀರಿ’ ಅಂದಾಗ ನನ್ನ ಇರದ ಕಾಲು ಇಂದಿಗೂ ಹಗ್ಗದ ಕಡೆ ಚಾಚುತ್ತದೆ.

ಸುದ್ದಿ ಹಬ್ಬಿದ ಮೇಲೆ ಗುಡ್ಡ ತಿರುಗುವ ಗೀಳಿನವರು ನನ್ನ ಹತ್ತಿರ ಬರತೊಡಗಿದರು. ಯಾವ ಮಷೀನು ಚಲೋ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೇಳುತ್ತಾರೆ. ಒಮ್ಮೆ ಒಬ್ಬ ಬಹಳ ಗತ್ತಿನಿಂದ, “ನಾ ಒಬ್ಬನ ಹೋಗಾಂವ್ರೀ ಕಾಕಾ, ನನಗ ಒಂದ ಸಾಕು,” ಅಂದ. ಒಂದಲ್ಲ, ಎರಡು ತಗೋ, ಒಂದನ್ನು ಮನೆಯಲ್ಲಿ ಬಿಡು, ಮನೆಯವರಿಗೆ ಅದನ್ನು ಓದುವುದು ಕಲಿಸು ಅಂದೆ. ಎರಡೆರಡು ಯಾಕೆ ಅಂತ ನಕ್ಕ. ನನ್ನ ಕಾಲಿನ ಕಡೆ ನೋಡಿ ನಗು ನಿಲ್ಲಿಸಿದ. ತಗೊಂಡನೋ ಇಲ್ಲವೋ ಗೊತ್ತಿಲ್ಲ. ನನ್ನ ಯಂತ್ರ ಕೆಟ್ಟಿರಲಿಲ್ಲ, ತಪ್ಪೂ ಹೇಳಿರಲಿಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹೆಂಡತಿ ಇವತ್ತಿನವರೆಗೆ ಒಂದು ಮಾತಿನಿಂದಲೂ ನನ್ನ ಚುಚ್ಚಿಲ್ಲ. ಆದರೆ ನಾನು ಊರುಗೋಲು ಹಿಡಿದು ಹಿತ್ತಲಿಗೆ ಹೋದರೂ, ದನದ ಕೊಟ್ಟಿಗೆಯ ಕಡೆ ಹೋದರೂ, ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕರೆಯುವುದಿಲ್ಲ. ಸುಮ್ಮನೆ ಒಮ್ಮೆ ಕೆಮ್ಮುತ್ತಾಳೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಬೇಕೆಂದೇ ಸುಮ್ಮನಿರುತ್ತಿದ್ದೆ. ಆಕೆ ಹಾಗೇ ನಿಂತಿರುತ್ತಿದ್ದಳು, ಒಲೆಯ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಈಗ ನಾನೂ ಕೆಮ್ಮುತ್ತೇನೆ. ಆಕೆ ಒಳಗೆ ಹೋಗುತ್ತಾಳೆ.